ರಜಾದಿನದ ಮುದ್ರೆ

೨೦೨೫ರ ನವೆಂಬರ್ ೧೮, ಮಂಗಳವಾರ ಬೆಳಿಗ್ಗೆ ದೋಣಿ ರಿಪೇರಿಯ ರೇನಾಲ್ಡ್ ವಾಯ್ಸಿನ್ ಠಾಣೆಗೆ ಬಂದು, ಟೋಪಿಯನ್ನೂ ತೆಗೆಯದೆ ಕುಳಿತ. ಅಮೆರಿಕದ ಮೇನ್ ರಾಜ್ಯ ಅವನ ಪುಟ್ಟ ಕಂಪನಿಯ ನೋಂದಣಿ ರದ್ದು ಮಾಡಿತ್ತು. ಮೂರು ವರ್ಷದಿಂದ ರಾಜ್ಯದ ಆದಾಯ ತೆರಿಗೆ ವಿವರ ಸಲ್ಲಿಕೆಯಾಗಿಲ್ಲವಂತೆ. ಬ್ಯಾಂಕು ಚಳಿಗಾಲದ ಸಾಲ ತಡೆಹಿಡಿದಿತ್ತು. ಆರು ಜನರ ಕೆಲಸ ಆ ಸಾಲದ ಮೇಲೆ ನಿಂತಿತ್ತು.

"ನಿಂಗೆ ಲಾಭವೇ ಇಲ್ಲ, ತೆರಿಗೆ ಎಲ್ಲಿಂದ ಬಂತು ಮಾರಾಯ?" ಎಂದ ಪತ್ತೇದಾರ ಹ್ಯಾಸ್ಕೆಲ್.

"ನಷ್ಟ ಆದ್ರೂ ವಿವರ ಕೊಡ್ಲೇಬೇಕು. ವಿನ್ನಿ ಡೈಯರ್ ಕೊಟ್ಟಿದಾರೆ. ಇಲ್ನೋಡು, ನನ್ನ ಪ್ರತಿ ಮೇಲೆ ತೆರಿಗೆ ಇಲಾಖೆ ಮುದ್ರೆ."

ಊರಿನ ಅರ್ಧ ಅಂಗಡಿಗಳ ತೆರಿಗೆ ಕಾಗದ ನೋಡುವವರು ವಿನ್ನಿ. ಹ್ಯಾಸ್ಕೆಲ್ ಮುದ್ರೆಯನ್ನೇ ನೋಡಿದ. ೨೦೨೪, ಏಪ್ರಿಲ್ ೧೫. ಆ ಸೋಮವಾರ ಪೇಟ್ರಿಯಟ್ಸ್ ಡೇ. ಮೆರವಣಿಗೆಗಾಗಿ ಅವನೇ ರಸ್ತೆ ಕಾದಿದ್ದ. ರಾಜ್ಯದ ಕಚೇರಿಗಳಿಗೆಲ್ಲ ರಜೆ. ಮುದ್ರೆ ಒತ್ತಿದವರು ಯಾರು?

ದೂರು ದಾಖಲಾಯಿತು. ಮಧ್ಯಾಹ್ನ ಹ್ಯಾಸ್ಕೆಲ್ ಶೋಧನಾ ಆದೇಶ ಹಿಡಿದು, ಕಾನ್‌ಸ್ಟೇಬಲ್ ಮರ್ಲ್ ಜೊತೆ ವಿನ್ನಿಯ ಮನೆಗೆ ಹೋದ. ಮೇಜಿನ ಖಾನೆಯಲ್ಲಿ ರಬ್ಬರ್ ಮುದ್ರೆ ಸಿಕ್ಕಿತು. ಅದರ ಕೆಳಗೆ ರಾಜ್ಯ ಕಳಿಸಿದ ನೋಟೀಸುಗಳು, ಒಂದೂ ಒಡೆದಿಲ್ಲ. ಕಂಪನಿಯ ಅಧಿಕೃತ ವಿಳಾಸ ವಿನ್ನಿಯದೇ ಆಗಿದ್ದರಿಂದ ಎಲ್ಲವೂ ಇಲ್ಲಿಗೇ ಬಂದಿದ್ದವು. ಮರ್ಲ್ ಪಂಚನಾಮೆ ಬರೆದ.

"ಮುದ್ರೆ ನಿಮ್ದಾ?" ಎಂದ ಹ್ಯಾಸ್ಕೆಲ್.

"ನಂದೇ. ಮಾಡಿಸಿದ್ದೆ."

"ಆ ದಿನ ರಜೆ ಇತ್ತು."

ವಿನ್ನಿ ಮುದ್ರೆಯ ಅಂಚನ್ನು ಬೆರಳಿನಿಂದ ತಡವಿದರು. "ಹೌದಲ್ಲ. ಕೊನೇ ದಿನ ಹದಿನೈದು ಅಂತ ಕೈಗೆ ಅಭ್ಯಾಸ ಆಗ್ಬಿಟ್ಟಿದೆ."

"ನೋಟೀಸ್ ಯಾಕೆ ಒಡೀಲಿಲ್ಲ?"

"ಒಡೆದು ಏನ್ಮಾಡ್ಲಿ? ಅಂಕಿ ನೋಡಿದ್ರೆ ಮಧ್ಯದಲ್ಲಿ ಕಪ್ಪು ಕೂತಿರುತ್ತೆ. ಓದಕ್ಕಾಗಲ್ಲ."

"ಯಾರಿಗಾದ್ರೂ ಹೇಳ್ಬಹುದಿತ್ತಲ್ವಾ?"

"ಯಾರಿಗೆ, ನಿಂಗಾ? ಮದುವೆಯಾದ ವರ್ಷ ತೆರಿಗೆ ಫಾರಂನಲ್ಲಿ ಹೆಂಡ್ತಿ ಹೆಸ್ರನ್ನೇ ತಪ್ಪು ಬರ್ಕೊಂಡು ಬಂದಿದ್ದವನು ನೀನು!"

ಮರ್ಲ್ ನಗು ತಡೆದುಕೊಂಡ. ಹ್ಯಾಸ್ಕೆಲ್ ನಗಲಿಲ್ಲ.

"ನನ್ನ ಹಿಡಿದ್ರೆ ರೇನಾಲ್ಡ್ ಕಂಪನಿ ಉಳಿಯುತ್ತಾ?" ಎಂದರು ವಿನ್ನಿ.

"ತಪ್ಪು ಅವನದಲ್ಲ, ಮೋಸ ನಡೆದಿದೆ ಅಂತ ದಾಖಲಾದ್ರೆ ರಾಜ್ಯ ನೋಂದಣಿ ಮತ್ತೆ ಕೊಡ್ಬಹುದು."

"ಮತ್ತೆ ಏನ್ ನೋಡ್ತಾ ಕೂತಿದೀಯ? ಬರ್ಕೋ."

ಸಂಜೆ ನಾಲ್ಕಕ್ಕೆ ಬಂಧನ. ಕೋಳ ಹಾಕಲಿಲ್ಲ, ಮೆಟ್ಟಿಲು ಇಳಿಯುವಾಗ ಹ್ಯಾಸ್ಕೆಲ್ ಅವರ ತೋಳು ಹಿಡಿದುಕೊಂಡ.

ವರದಿಯಲ್ಲಿ ಉದ್ದೇಶ ಎಂಬಲ್ಲಿ ಅವನ ಪೆನ್ನು ನಿಂತಿತು. ವಿನ್ನಿ ಯಾರ ಹಣವನ್ನೂ ಮುಟ್ಟಿರಲಿಲ್ಲ. ರೇನಾಲ್ಡ್ ಕೊಡಲು ಬಂದ ಶುಲ್ಕವನ್ನೂ ಬೇಡವೆಂದಿದ್ದರು. ಕಣ್ಣು ಹೋಯಿತೆಂದು ತಿಳಿದರೆ, ವಸಂತದಲ್ಲಿ ತೆರಿಗೆ ಕಾಗದ ಹಿಡಿದು ಬಾಗಿಲು ತಟ್ಟಿ ಒಳಬಂದು ಕಾಫಿ ಕುಡಿದು ಹರಟುವವರು ಬೇರೆಯವರ ಮನೆಗೆ ಹೋಗುತ್ತಾರೆಂಬ ಭಯ ಅವರಿಗಿತ್ತು. ಅವನು ಅಷ್ಟನ್ನೇ ಬರೆದು ಸಹಿ ಮಾಡಿದ.