ಒಂದು ಬೆರಳು ಲೂಸ್

"ಅಮ್ಮಾ, ಏನಾಯ್ತು ಗೊತ್ತಾ?"

ಬುಗುರಿ ಸ್ಕೂಲ್ ಬ್ಯಾಗನ್ನೂ ಇಳಿಸದೆ ಓಡಿಬಂದಳು. ಹೊಲಿಗೆ ಮಶೀನಿನ ಮುಂದೆ ಕುಳಿತಿದ್ದ ಅಮ್ಮನನ್ನು ಹಿಂದಿನಿಂದ ಗಟ್ಟಿಯಾಗಿ ತಬ್ಬಿಕೊಂಡಳು.

"ಅಯ್ಯೋ! ಬಿಡು, ಬಿಡೇ!"

ಅಮ್ಮ ಕಿರುಚಿ ಅವಳ ಕೈಯನ್ನು ತಳ್ಳಿಬಿಟ್ಟಳು. ಮಶೀನು ಗಕ್ಕನೆ ನಿಂತಿತು.

ಬುಗುರಿ ಎನ್ನುವುದು ಶಾಲೆಯಲ್ಲಿ ಬರೆಸಿದ ಹೆಸರಲ್ಲ. ಒಂದು ಕಡೆ ನಿಲ್ಲುವುದಿಲ್ಲ ಎಂದು ಅಪ್ಪ ಇಟ್ಟ ಹೆಸರು. ಅಂಥವಳು ಈಗ ನಿಂತಲ್ಲೇ ನಿಂತುಬಿಟ್ಟಳು.

"ಏನೋ ಹೇಳೋಕೆ ಬಂದ್ಯಲ್ಲ, ಹೇಳು ಪುಟ್ಟಾ," ಅಮ್ಮ ಭುಜ ನೀವಿಕೊಳ್ಳುತ್ತಾ ಕೇಳಿದಳು.

"ಏನಿಲ್ಲ."

ಏನಿಲ್ಲ ಎನ್ನುವುದು ಶುದ್ಧ ಸುಳ್ಳು. ಶಾಲೆಯ ನಾಟಕದಲ್ಲಿ ಅವಳಿಗೆ ಪೋಸ್ಟ್‌ಮ್ಯಾನ್ ಪಾರ್ಟು ಸಿಕ್ಕಿತ್ತು. ಅದಕ್ಕೆ ದೊಡ್ಡ ದೊಡ್ಡ ಜೇಬುಗಳ ಕೋಟು ಬೇಕು, ಅದನ್ನು ಅಮ್ಮನೇ ಹೊಲಿದುಕೊಡಬೇಕು. ಇಷ್ಟೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಬುಗುರಿ ಹಾಗೇ ನುಂಗಿಕೊಂಡಳು.

ಹೋದ ವರ್ಷದಿಂದ ಅಮ್ಮನಿಗೆ ಹುಷಾರಿರಲಿಲ್ಲ. ಸದಾ ಸುಸ್ತು, ಚಳಿ, ಮೈಕೈ ನೋವು. ಕುತ್ತಿಗೆಯೊಳಗಿನ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಡಾಕ್ಟರ್ ಮಾತ್ರೆ ಕೊಟ್ಟಿದ್ದರು. ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಅದನ್ನು ನುಂಗುತ್ತಿದ್ದಳು. ಮೊನ್ನೆ ಮತ್ತೆ ರಕ್ತ ಪರೀಕ್ಷೆ ಆಯಿತು. "ನಾರ್ಮಲ್! ಎಲ್ಲಾ ನಾರ್ಮಲ್!" ಎಂದು ಅಪ್ಪ ರಿಪೋರ್ಟ್ ಹಿಡಿದು ಮನೆಯೆಲ್ಲ ಕುಣಿದಾಡಿದ್ದ. ದೊಡ್ಡಮ್ಮ ಫೋನ್ ಮಾಡಿ, "ಇನ್ಮೇಲೆ ನೋವು ಗೀವು ಅನ್ಬೇಡಮ್ಮ ನೀನು," ಎಂದಿದ್ದಳು.

ಅಂದರೆ ಕಾಯಿಲೆ ಹೋಯಿತು. ಕಾಯಿಲೆ ಹೋದ ಮೇಲೂ ತಳ್ಳುತ್ತಾಳೆ ಎಂದರೆ, ಅಮ್ಮನಿಗೆ ತಾನೇ ಬೇಡವಾಗಿರಬೇಕು. ಬುಗುರಿಯ ಲೆಕ್ಕ ಇಷ್ಟೇ. ಗಣಿತದಲ್ಲೂ ಅವಳು ಅಷ್ಟಕ್ಕಷ್ಟೇ. ಆದರೆ ಅವಳಿಗೆ ಆದ ಸಂಕಟ ಮಾತ್ರ ನಿಜವಾದದ್ದು.

ಶನಿವಾರ ಅಮ್ಮ ಮತ್ತೆ ಡಾಕ್ಟರ್ ಹತ್ತಿರ ಹೊರಟಳು. ಅಪ್ಪ ಕೆಲಸಕ್ಕೆ ಹೋಗಿದ್ದ. ಬುಗುರಿಯನ್ನು ಮನೆಯಲ್ಲಿ ಒಬ್ಬಳೇ ಬಿಡುವ ಹಾಗಿಲ್ಲ. ಅವಳೂ ಮುಖ ಊದಿಸಿಕೊಂಡು ಹಿಂದೆ ನಡೆದಳು.

ಡಾಕ್ಟರ್ ಆಂಟಿ ರಿಪೋರ್ಟ್ ನೋಡಿ ಪಕ್ಕಕ್ಕಿಟ್ಟರು. ನಿದ್ದೆ ಹೇಗೆ, ಎದ್ದಾಗ ಮೈ ಹಗುರ ಇರುತ್ತಾ ಎಂದೆಲ್ಲ ಕೇಳಿದರು. ಆಮೇಲೆ ಎದ್ದು ಬಂದು ಅಮ್ಮನ ಭುಜವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು.

"ಅಯ್ಯೋ!" ಅಮ್ಮ ಕುರ್ಚಿಯಲ್ಲೇ ಹಾರಿಬಿದ್ದಳು.

ಬುಗುರಿಯ ಕಿವಿ ನೆಟ್ಟಗಾಯಿತು. ಅದೇ "ಅಯ್ಯೋ!" ಡಾಕ್ಟರ್ ಮೇಲೆ ಅಮ್ಮನಿಗೆ ಏನೂ ಕೋಪವಿಲ್ಲವಲ್ಲ?

"ಆಂಟಿ, ರಿಪೋರ್ಟ್ ನಾರ್ಮಲ್ ಅಲ್ವಾ? ಮತ್ತೆ ಯಾಕೆ ನೋಯುತ್ತೆ?"

"ಒಳ್ಳೇ ಪ್ರಶ್ನೆ," ಎಂದರು ಡಾಕ್ಟರ್. "ಆ ರಿಪೋರ್ಟ್ ಥೈರಾಯ್ಡ್‌ದು. ಅದು ಸರಿಹೋಗಿದೆ. ಆದ್ರೆ ನಿಮ್ಮಮ್ಮಂಗೆ ಇನ್ನೊಂದು ತೊಂದರೆನೂ ಇದೆ. ಫೈಬ್ರೊಮಯಾಲ್ಜಿಯ ಅಂತ."

"ಫೈಬ್ರೋ... ಏನು?"

"ಹೆಸರು ಬಿಡು, ಕಷ್ಟ ಇದೆ. ಎರಡರಲ್ಲೂ ಸುಸ್ತು, ಎರಡರಲ್ಲೂ ಮೈಕೈ ನೋವು. ಅದಕ್ಕೇ ಮೊದಲು ಎಲ್ಲಾ ಥೈರಾಯ್ಡ್‌ದೇ ಅಂದ್ಕೊಂಡಿದ್ವಿ. ಕೆಲವರಿಗೆ ಎರಡೂ ಜೊತೇಲೇ ಇರುತ್ತೆ. ಇದು ರಕ್ತ ಪರೀಕ್ಷೇಲಿ ಕಾಣಲ್ಲ. ಕಾಣಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ."

"ಮುಟ್ಟಿದ್ರೂ ನೋಯುತ್ತಾ?"

"ಕೆಲವು ಸಲ ನೋಯುತ್ತೆ. ಟಿವಿ ಸೌಂಡ್ ಜಾಸ್ತಿ ಇಟ್ರೆ ಪಿಸುಮಾತೂ ಕೂಗಿದ ಹಾಗೆ ಕೇಳುತ್ತಲ್ಲ, ಹಾಗೆ. ಔಷಧಿ, ನಿದ್ದೆ, ದಿನಾ ಸ್ವಲ್ಪ ನಡಿಗೆ, ಎಲ್ಲಾ ಬೇಕು. ನಿಧಾನಕ್ಕೆ ಕಮ್ಮಿ ಆಗುತ್ತೆ."

ಅಮ್ಮನ ಕಣ್ಣು ತುಂಬಿತ್ತು. "ಸುಮ್ಮನೆ ಹೇಳ್ತೀನಿ ಅಂದ್ಕೊಂಡ್ರು ಎಲ್ರೂ," ಎಂದಳು. ಬುಗುರಿ ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡಳು.

ವಾಪಸ್ ಬರುವಾಗ ಬುಗುರಿ ರಸ್ತೆಯ ಆಚೆ ಅಂಚಿಗೇ ನಡೆದಳು.

"ಯಾಕೆ ಅಷ್ಟು ದೂರ? ಇನ್ನೂ ಕೋಪಾನಾ?"

"ಕೋಪ ಅಲ್ಲ. ತಾಗಿದ್ರೆ ನೋಯುತ್ತಲ್ಲ ನಿಂಗೆ."

ಬುಗುರಿಗೆ ಅಳು ಬರುವ ಹಾಗಾಯಿತು. ಇನ್ನು ಅಮ್ಮನನ್ನು ಯಾವತ್ತೂ ತಬ್ಬಿಕೊಳ್ಳುವ ಹಾಗೇ ಇಲ್ಲವೇ?

ಮನೆಗೆ ಬಂದ ಮೇಲೆ ಅವಳು ಪೋಸ್ಟ್‌ಮ್ಯಾನ್ ಸುದ್ದಿ ಹೇಳಿದಳು.

"ಕಳ್ಳಿ! ಇಷ್ಟು ದಿನ ಹೊಟ್ಟೇಲಿಟ್ಕೊಂಡಿದ್ಯಾ? ಬಾ, ಅಳತೆ ತಗೋತೀನಿ."

"ಬೇಡ, ನೀನು ಕೂತ್ಕೋ. ನಾನೇ ತಗೋತೀನಿ."

ಬುಗುರಿ ಟೇಪನ್ನು ಎದೆಗೆ ಸುತ್ತಿ, ಉಸಿರು ಬಿಗಿಹಿಡಿದು, ಗಟ್ಟಿಯಾಗಿ ಎಳೆದಳು. ಅಮ್ಮನಿಗೆ ನಗು ತಡೆಯಲಾಗಲಿಲ್ಲ.

"ಟೇಲರ್ ಮಗಳಾಗಿ ಹೀಗಾ ಅಳೆಯೋದು? ಈ ಅಳತೆಗೆ ಹೊಲಿದ್ರೆ ನಿನ್ನ ಪೋಸ್ಟ್‌ಮ್ಯಾನ್ 'ಪೋಸ್ಟ್' ಅಂದ ಕೂಡಲೇ ಬಟನ್ನೆಲ್ಲ ಉದುರಿಹೋಗುತ್ತೆ!"

ಅಮ್ಮ ಟೇಪನ್ನು ಸಡಿಲ ಮಾಡಿ, ಅದಕ್ಕೂ ಬುಗುರಿಯ ಅಂಗಿಗೂ ನಡುವೆ ತನ್ನ ಒಂದು ಬೆರಳು ತೂರಿಸಿದಳು.

"ನೋಡು, ಯಾವಾಗ್ಲೂ ಒಂದು ಬೆರಳು ಲೂಸ್ ಬಿಡ್ಬೇಕು. ಆಗ ಬಟ್ಟೆ ಮೈಮೇಲೂ ಇರುತ್ತೆ, ಉಸಿರೂ ಕಟ್ಟಲ್ಲ."

ಬುಗುರಿ ಆ ಬೆರಳನ್ನೇ ನೋಡಿದಳು. ಆಮೇಲೆ ಅಮ್ಮನ ಕೈಯಿಂದ ಟೇಪು ತೆಗೆದುಕೊಂಡಳು.

"ಈಗ ನಿನ್ನ ಅಳತೆ."

"ನಂದ್ಯಾಕೆ? ನಾನೇನು ನಾಟಕ ಮಾಡ್ತೀನಾ?"

"ನಿಂತ್ಕೋಮ್ಮಾ ಸುಮ್ನೆ."

ಅವಳು ಟೇಪನ್ನು ಅಮ್ಮನ ಸುತ್ತ ತಂದು, ನಡುವೆ ಒಂದು ಬೆರಳು ಇಟ್ಟಳು. "ನೋಯುತ್ತಾ?"

"ಇಲ್ಲ."

ಬುಗುರಿ ಟೇಪನ್ನು ಮಶೀನಿನ ಮೇಲೆ ಹಾಕಿದಳು. ಟೇಪು ಇದ್ದ ಜಾಗಕ್ಕೆ ತನ್ನ ಎರಡೂ ಕೈ ತಂದಳು, ಅಷ್ಟೇ ಲೂಸಾಗಿ.

"ಈಗ?"

ಅಮ್ಮನ ಗಲ್ಲ ಬುಗುರಿಯ ತಲೆಯ ಮೇಲೆ ಬಂದು ಕೂತಿತು. "ಈಗ್ಲೂ ಇಲ್ಲ," ಎಂದಳು. "ಕೆಲವು ದಿನ ಇಷ್ಟೂ ಆಗಲ್ಲ ಪುಟ್ಟಾ."

"ಆವತ್ತು ಹೇಳು. ಎರಡು ಬೆರಳು ಬಿಡ್ತೀನಿ."

ಅಮ್ಮ ನಕ್ಕಳು. ಆ ನಗು ಬುಗುರಿಯ ಕೈಗಳಿಗೆ ಗೊತ್ತಾಯಿತು. ಬಿಗಿಯಾಗಿ ಹಿಡಿದುಕೊಳ್ಳಬೇಕು ಎಂದು ಎಷ್ಟು ಅನ್ನಿಸಿದರೂ ಅವಳು ಹಿಡಿಯಲಿಲ್ಲ. ತುಂಬಾ ಹೊತ್ತು ಹಾಗೇ, ಅಲ್ಲಾಡದೆ ನಿಂತಿದ್ದಳು.