ನಗದೆ ಎದ್ದ ದಿನ

ಸೀರಿಯಲ್‌ನವರಲ್ಲಿ ಒಂದು ಪದ್ಧತಿಯಿದೆ. ಹೆಣವಾಗಿ ಮಲಗಿದವರು ಶಾಟ್ ಮುಗಿದ ಮೇಲೆ ಕ್ಯಾಮೆರಾ ನೋಡಿ ನಗಬೇಕು, ನಗದೆ ಏಳಬಾರದು. ನಾನು ಎದ್ದೆ.

ಹನ್ನೆರಡು ವರ್ಷದ ಹಿಂದಿನ ಮಾತು. ದೆವ್ವದ ಬಂಗಲೆಯ ಕಥೆಯಲ್ಲಿ ಸತ್ತು ಮರಳಿ ಬರುವ ಸೊಸೆ, ನನ್ನ ಮೊದಲ ಪಾತ್ರ. ಪೀಣ್ಯದ ಮುಚ್ಚಿದ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಸೆಟ್ಟು. ಮಟಮಟ ಮಧ್ಯಾಹ್ನ, ಮೇಲೆ ತಗಡು ಕಾದು ಸುಡುತ್ತಿದ್ದರೂ ಚಟ್ಟದ ಬಿದಿರು ಬೆನ್ನಿಗೆ ತಣ್ಣಗೆ ಕೊರೆಯುತ್ತಿತ್ತು. ಊಟದ ಬ್ರೇಕ್ ಎಂದು ಕೂಗಿದ್ದೇ ತಡ, ಮೂಗಿನ ಹತ್ತಿ ಕಿತ್ತೆಸೆದು ಎದ್ದೆ.

"ಅಯ್ಯೋ, ನಕ್ಕು ಏಳೇ ತಾಯಿ!" ಅಂದರು ಅತ್ತೆಯ ಪಾತ್ರದ ಕೃಷ್ಣಮ್ಮ.

"ಊಟ ಮಾಡ್ಕೊಂಡ್ ಬಂದು ನಗ್ತೀನಿ ಬಿಡಿ ಅಮ್ಮಾ," ಅಂದೆ. ಆಮೇಲೆ ಮರೆತೆ.

ಹೊರಗೆ ಅವರ ಪಕ್ಕದಲ್ಲೇ ಕೂತು ಚಿತ್ರಾನ್ನ ತಿಂದೆ. ಒಗ್ಗರಣೆಯ ವಾಸನೆಯೇ ಬರಲಿಲ್ಲ. ಅಂದಿನಿಂದ ಮಲ್ಲಿಗೆಯಾಗಲಿ ಕರ್ಪೂರವಾಗಲಿ ನನ್ನ ಮೂಗಿಗೆ ತಿಳಿದಿಲ್ಲ. ಸೆರಗಿಗೆ ಪಿನ್ನು ಹಾಕುವವರೆಲ್ಲ, "ಬೆನ್ನು ಯಾಕ್ ಮೇಡಂ ಇಷ್ಟು ತಣ್ಣಗಿದೆ?" ಅನ್ನುತ್ತಾರೆ.

ಈಗ ನಾನೇ ಅತ್ತೆಯ ಪಾತ್ರ ಮಾಡುತ್ತೇನೆ. ಹೋದ ವಾರ, ಆ ಸೀರಿಯಲ್‌ನ ಹಳೆಯ ಫುಟೇಜ್ ಜೋಡಿಸುತ್ತಿರುವ ಎಡಿಟರ್ ಸೌಮ್ಯಾ ಕಾಡುಗೋಡಿಯಿಂದ ಫೋನ್ ಮಾಡಿದಳು. ಆವತ್ತು ಊಟಕ್ಕೆ ಹೋಗುವಾಗ ಕ್ಯಾಮೆರಾ ಆಫ್ ಮಾಡಿರಲಿಲ್ಲವಂತೆ.

"ಇಪ್ಪತ್ತು ನಿಮಿಷ ಓಡಿದೆ ಮೇಡಂ. ಎಲ್ರೂ ಊಟಕ್ ಹೋದ್ರೂ ನೀವ್ಯಾಕೆ ಚಟ್ಟದ ಮೇಲೇ ಮಲಗಿದ್ರಿ?"

ತರಿಸಿಕೊಂಡು ನೋಡಿದೆ. ಖಾಲಿ ಶೆಡ್ಡು. ಮಲಗಿದವಳ ಮೂಗಿನಲ್ಲಿ ಹತ್ತಿ ಹಾಗೇ ಇದೆ. ಕೊನೆಯ ನಿಮಿಷದಲ್ಲಿ ಅವಳು ಕಣ್ಣು ಬಿಟ್ಟು ಕ್ಯಾಮೆರಾ ಕಡೆ ತಿರುಗುತ್ತಾಳೆ.

ನಗುವುದಿಲ್ಲ.