ಎಡಗಡೆಯ ಬಟನ್

ಮಾರ್ಚ್ ೧೧, ಮಂಗಳವಾರ. ಶಿರಾ ಠಾಣೆಯ ಫೋನು ಮಧ್ಯಾಹ್ನ ೧.೫೦ಕ್ಕೆ ಹೊಡೆದುಕೊಂಡಾಗ ಇನ್‌ಸ್ಪೆಕ್ಟರ್ ಚನ್ನಮಲ್ಲಯ್ಯ ಮುದ್ದೆ ಮುರಿಯುತ್ತಿದ್ದರು. ಹೆದ್ದಾರಿ ಪಕ್ಕದ ಕಾರ್ಖಾನೆಯೊಂದರ ವಾಚ್‌ಮನ್ ಬೋರಣ್ಣನ ದನಿ.

"ಸಾ, ನಮ್ ಮೇನೇಜರ್ರು ನರಸಿಂಹರಾಜು ಪ್ರೆಸ್ಸಿಗೆ ಸಿಕ್ಕಾಕ್ಕಂಡ್‌ಬುಟ್ರು. ತಲೆನೇ ಇಲ್ಲ ಸಾ!"

ಉಣ್ಣುವ ಹೊತ್ತಿಗೇ ಇಂಥವು ಬರಬೇಕೆ! ಕೈ ತೊಳೆದು, ಹೆಡ್ ಕಾನ್‌ಸ್ಟೆಬಲ್ ದಾಸಯ್ಯನನ್ನು ಜೀಪಿಗೆ ಹತ್ತಿಸಿಕೊಂಡು ಹೊರಟರು.

ಸೋಲಾರ್ ಹಲಗೆಗಳಿಗೆ ಕಬ್ಬಿಣದ ಕ್ಲಾಂಪು ಒತ್ತುವ ಶೆಡ್ಡು ಅದು. ಅರುವತ್ತು ಟನ್ನಿನ ಪ್ರೆಸ್ಸು ಮ್ಯಾನೇಜರನ್ನು ಭುಜದವರೆಗೂ ಜಜ್ಜಿಹಾಕಿತ್ತು. ಮಿದುಳು ಅಚ್ಚಿಗೆ ಮೆತ್ತಿಕೊಂಡು, ನೆತ್ತರು ಎಣ್ಣೆಯ ಜತೆ ನೆಲಕ್ಕೆ ಇಳಿಯುತ್ತಿತ್ತು. ದಾಸಯ್ಯ ಪಂಚನಾಮೆ ಬರೆಯಲು ಕೂತ.

ಊಟದ ಬಿಡುವು ೧.೧೫ರಿಂದ ೧.೪೫. ಕೆಲಸದವರೆಲ್ಲ ಹೊರಗೆ ಬೇವಿನ ಮರದಡಿ ಡಬ್ಬಿ ಬಿಚ್ಚಿದ್ದರು. "ಮಷೀನು ಕೈಕೊಟ್ಟಿದೆ, ಅಪಘಾತ ಅಂತ ಮುಗಿಸಿ" ಎಂದರು ಮಾಲೀಕರು. ಚನ್ನಮಲ್ಲಯ್ಯನವರಿಗೂ ಹಾಗೇ ಕಂಡಿತ್ತು, ಹೆಣದ ಬಲ ಮಂಡಿ ನೋಡುವವರೆಗೆ. ಚಿಪ್ಪು ನುಚ್ಚುನೂರಾಗಿತ್ತು. ತಲೆಯ ಮೇಲೆ ಇಳಿದ ಪ್ರೆಸ್ಸು ಮಂಡಿಯನ್ನು ಹೇಗೆ ಒಡೆದೀತು?

ಮಷೀನನ್ನು ವಿನ್ಯಾಸ ಮಾಡಿದ ಎಂಜಿನಿಯರ್, ತಿರುಮಣಿಯ ಅಂಜನ್ ಕುಮಾರ್‌ನನ್ನು ೩.೧೦ಕ್ಕೆ ಎದುರಿಗೆ ಕೂರಿಸಿಕೊಂಡರು.

"ಇದು ತಾನಾಗಿ ಇಳಿಯುತ್ತಾ?"

"ಇಲ್ಲ ಸರ್."

"ವೈರು ಸುಟ್ಟರೆ?"

"ನಿಲ್ಲುತ್ತೆ, ಇಳಿಯಲ್ಲ. ಎರಡು ಬಟನ್ನೂ ಎರಡು ಕೈಯಲ್ಲಿ ಒಟ್ಟಿಗೆ ಒತ್ತಬೇಕು. ಒತ್ತುವವರ ಕೈ ಒಳಗಿರಬಾರದು ಅಂತಲೇ ಹಾಗೆ ಮಾಡಿದ್ದು."

"ಒಂದನ್ನು ಒತ್ತಿದ ಹಾಗೇ ಕಟ್ಟಿಹಾಕಿದರೆ?"

"ಮೊದಲು ಆಗ್ತಿತ್ತು. ಹೋದ ತಿಂಗಳು ಇದರ ಮೇಲೆ ಕೆಲಸ ಮಾಡ್ತಿದ್ದ ಮಾರಕ್ಕನ ಕೈ ಹೋದಮೇಲೆ ಅದನ್ನೂ ಸರಿಮಾಡಿದೀನಿ. ಈಗ ನನ್ನ ಮಷೀನಲ್ಲಿ ತಪ್ಪೇ ಇಲ್ಲ ಸರ್."

ಅಯ್ಯೋ ಪುಣ್ಯಾತ್ಮ! ಕೆಟ್ಟಿತ್ತು ಅಂದಿದ್ದರೆ ಕಡತ ಅಲ್ಲೇ ಮುಚ್ಚುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ತಾನು ಹೆತ್ತ ಮಷೀನಿನ ಮೇಲೆ ಸುಳ್ಳು ಹೊರಿಸಲು ಇವನಿಗೆ ಬಾಯಿಯೇ ಬರಲಿಲ್ಲ.

"ಹಾಗಾದರೆ ಯಾರೋ ನಿಂತು ಒತ್ತಿದಾರೆ. ಊಟದ ಹೊತ್ತಲ್ಲಿ ಮಷೀನಿನ ಕೀಲಿ ಯಾರ ಹತ್ತಿರ ಇರುತ್ತೆ?"

ಅವನು ಜೇಬಿನಿಂದ ಕೀಲಿ ತೆಗೆದು ಮುಂದಿಟ್ಟ. "ನನ್ನ ಹತ್ತಿರ."

ಆಮೇಲೆ ಎಲ್ಲ ಹೇಳಿದ. ಅಚ್ಚು ಸೀಳಿದೆ, ಬನ್ನಿ ಎಂದು ಕರೆದು, ಬಗ್ಗಿ ನೋಡುತ್ತಿದ್ದವನ ಮಂಡಿಗೆ ಸ್ಪ್ಯಾನರ್ ಬೀಸಿದ್ದ. ಒಳಕ್ಕೆ ಬಿದ್ದವನು ಚೀರಿ ಏಳುವಷ್ಟರಲ್ಲಿ ಬಟನ್ ಒತ್ತಿದ್ದ.

"ಎರಡು ಸಲ ಒತ್ತಿದೆ ಸರ್. ಎರಡನೇದು ಬೇಕಿರಲಿಲ್ಲ."

"ಯಾಕೋ?"

"ಮಾರಕ್ಕಂಗೆ ಕೆಲಸ ಕಲಿಸಿದ್ದು ನಾನು. ಈ ಮಷೀನು ನಿನ್ನ ಕೈ ಮುಟ್ಟಲ್ಲ ಕಣಕ್ಕಾ ಅಂದಿದ್ದೆ. ಆ ನನ್ಮಗ ಪೀಸು ಜಾಸ್ತಿ ಬರ್ಲಿ ಅಂತ ಎಡಗಡೆ ಬಟನ್ನಿಗೆ ಸೈಕಲ್ ಟ್ಯೂಬು ಕಟ್ಟಿಸಿದ. ಆಸ್ಪತ್ರೇಲಿ ಅವಳೇ ಹೇಳಿದ್ಲು."

ರಕ್ತದ ಸ್ಪ್ಯಾನರ್ ೫.೪೦ಕ್ಕೆ ಅವನ ಲಾಕರಿನಲ್ಲಿ ಸಿಕ್ಕಿತು. ಎಫ್‌ಐಆರ್ ಕೊಲೆ ಅಂತಲೇ ದಾಖಲಾಯಿತು. ಆರು ಗಂಟೆಗೆ ಬಂಧನ.

ಮರುದಿನ ಬೆಳಗ್ಗೆ ಹೇಳಿಕೆ ಪಡೆಯಲು ಮಾರಕ್ಕನ ಊರು ಪಟ್ಟನಾಯಕನಹಳ್ಳಿಗೆ ಹೋದರು. ಅವಳ ಎಡ ಮುಂಗೈ ಇದ್ದ ಜಾಗದಲ್ಲಿ ಬ್ಯಾಂಡೇಜು.

"ನರಸಿಂಹರಾಜು ಟ್ಯೂಬು ಕಟ್ಟಿಸಿದ್ದು ಯಾವಾಗಮ್ಮ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅವ್ರು ಕಟ್ಟಿಸ್ಲಿಲ್ಲ ಸ್ವಾಮಿ. ಎಲ್ರಿಗಿಂತ ಹಿಂದೆ ಬೀಳ್ತೀನಿ ಅಂತ ನಾನೇ ಕಟ್ಕಂಡಿದ್ದೆ. ಅವ್ರು ಎಲ್ಡ್ ಸಲ ಬೈದು ಬಿಚ್ಚಾಕಿದ್ರು."

"ಮತ್ತೆ ಎಂಜಿನಿಯರ್‌ಗೆ ಹಂಗ್ಯಾಕೆ ಹೇಳಿದೆ?"

"ಅಷ್ಟ್ ಅಕ್ಕರೇಲಿ ಕಲಿಸ್ದೋರ ಮುಂದೆ ನನ್ ತಪ್ಪು ಅಂತ ಹೆಂಗ್ ಹೇಳ್ಲಿ? ನಾಚ್ಕೆ ಆತು. ಮೇನೇಜರ್ರು ಅಂದ್‌ಬುಟ್ಟೆ. ಇಂಗಾಯ್ತದೆ ಅಂತ ನಂಗೇನ್ ಗೊತ್ತು!" ಎಂದು ಗೋಳೋ ಎಂದು ಅತ್ತಳು.

ದಾಸಯ್ಯನ ಪೆನ್ನು ನಿಂತಿತು. "ಇದನ್ನೂ ಬರೀಬೇಕಾ ಸಾ? ಜೈಲಲ್ಲಿ ಅವ್ನು ಓದ್ತಾನಲ್ಲ."

"ಬರಿ."

 ಹೇಳಿಕೆಗಳೂ ಸೇರಿ ಆರೋಪಪಟ್ಟಿಯ ಒಂದು ಪ್ರತಿ ಆರೋಪಿಗೆ ಕೊಡಲೇಬೇಕು. ಅತ್ತ ಠಾಣೆಯಲ್ಲಿ ಸತ್ತವನ ಹೆಂಡತಿ ಯಶೋದ, ತನ್ನ ಗಂಡ ಯಾರಿಗೂ ಕೇಡು ಬಯಸಿದವನಲ್ಲ ಎಂದು ನಿನ್ನೆಯಿಂದ ಹೇಳುತ್ತಲೇ ಇದ್ದಳು. ಅದನ್ನು ಯಾರೂ ಬರೆದುಕೊಂಡಿರಲಿಲ್ಲ.